ಮೊಳಕಾಲೆತ್ತರದ ಗಾಳಿ

ರಾತ್ರಿ ಪಾಳಿಯಲ್ಲಿ ನನ್ನ ಕೆಲಸ ಮುಳ್ಳು ನೋಡುವುದು.
ಒತ್ತಡದ ಮುಳ್ಳು, ಹರಿವಿನ ಮುಳ್ಳು,
ಗಂಟೆಗೊಮ್ಮೆ ಪುಸ್ತಕದಲ್ಲಿ ಅಂಕಿ, ಪಕ್ಕದಲ್ಲಿ ರುಜು:
ಮುಕಾರುಗ್ವಿಜಾ, ಮುಕಾರುಗ್ವಿ, ಮುಕಾರು,
ಬೆಳಗಾಗುವ ಹೊತ್ತಿಗೆ ಹೆಸರು ಸವೆದು ಬರೀ ಮು.

ಕಿವು ಸರೋವರದ ಮೇಲೆ ತೇಲುವ ಕಬ್ಬಿಣದ ಅಟ್ಟ ಇದು.
ಕಾಲ ಕೆಳಗೆ ಮುನ್ನೂರೈವತ್ತು ಮೀಟರು
ಗಾಳಿ ಕಲಕದ, ಹುಟ್ಟು ತಾಗದ ನೀರು.
ಸತ್ತದ್ದೆಲ್ಲ ಅಲ್ಲಿಗೇ ಇಳಿದು, ಕೊಳೆತು,
ಕೊಳೆತದ್ದು ಉಸಿರಾಗಿ,
ಮೇಲಿನ ಭಾರಕ್ಕೆ ಬಾಯಿ ಬಿಡದೆ ಕೂತಿದೆ.

ಮೊದಲ ದಿನ ಎಂಜಿನಿಯರ್ ಮುನ್ಯಂಪುಂದು
ಫ್ಯಾಂಟಾ ಸೀಸೆಯೊಂದನ್ನು ಚೆನ್ನಾಗಿ ಕುಲುಕಿ
ಹಲ್ಲಿನಲ್ಲೇ ಮುಚ್ಚಳ ಕಿತ್ತರು. ಅಂಗಿಯೆಲ್ಲ ಕಿತ್ತಳೆ.
"ಇಷ್ಟೇ ನೋಡು. ಕೊಳವೆ ಇಳಿಸಿ ಒಮ್ಮೆ ಎಳೆದರೆ ಸಾಕು,
ಆಮೇಲೆ ಸರೋವರ ತಾನಾಗಿ ಮೇಲೆ ಬರುತ್ತೆ.
ಉರಿಯುವ ಗಾಳಿ ದಡಕ್ಕೆ, ಕರೆಂಟಿಗೆ.
ಉರಿಯದ ಗಾಳಿ ನೀರಿನ ಜೊತೆ ವಾಪಸ್ಸು ಆಳಕ್ಕೆ."
"ತೆಗೆಯದೆ ಹಾಗೇ ಬಿಟ್ಟರೆ?" ಅಂದೆ.
ಅವರು ಅಂಗಿ ಒರೆಸಿಕೊಳ್ಳುತ್ತಿದ್ದರು.
ಉಳಿದದ್ದನ್ನು ನನ್ನ ಕೈಗೆ ಕೊಟ್ಟರು, ಕುಡಿ ಅಂತ.

ಉರಿಯದ ಗಾಳಿ ನನಗೆ ಗೊತ್ತು.

ಉತ್ತರದ ದಡದಲ್ಲಿ, ಬೆಟ್ಟ ಕಾರಿದ ಬೆಂಕಿ
ಕರಿಗಲ್ಲಾಗಿ ಹೆಪ್ಪುಗಟ್ಟಿದ ಬಯಲಲ್ಲಿ
ಅದಕ್ಕೆ ಮಜುಕು ಅನ್ನುತ್ತಿದ್ದೆವು, ಕೆಟ್ಟ ಗಾಳಿ.
ಬಣ್ಣವಿಲ್ಲ, ಸದ್ದಿಲ್ಲ, ಎದ್ದು ನಿಲ್ಲುವ ಆಸೆಯಿಲ್ಲ,
ತಗ್ಗಿನಲ್ಲಿ ಮೊಳಕಾಲೆತ್ತರಕ್ಕೆ ಮಲಗಿರುತ್ತೆ
ಯಾರಿಗೋ ಹಾಸಿಟ್ಟ ಹಾಸಿಗೆಯ ಹಾಗೆ.
ದೊಡ್ಡವರು ಅದರೊಳಗೆ ಮಾತಾಡುತ್ತ ದಾಟಿ ಹೋಗುತ್ತಾರೆ.
ಆಡು ಬೀಳುತ್ತೆ. ಕೋಳಿ ಬೀಳುತ್ತೆ.
ತಮ್ಮ ಸೆಮಾನಾ ಬಾಳೆನಾರಿನ ಚೆಂಡು ತರಲು ಇಳಿದ.
ನಾಲ್ಕು ವರ್ಷ, ಅಮ್ಮನ ಸೊಂಟದಷ್ಟು ಎತ್ತರ.
ನಿಂತೇ ಇದ್ದಿದ್ದರೆ ಸಾಕಿತ್ತು.
ಚೆಂಡೆತ್ತಲು ಬಗ್ಗಿದ.

ಆಮೇಲೆ ಅಮ್ಮ ಎಲ್ಲಿಗೆ ಹೋದರೂ ದೀಪ.
ಹೊಲಕ್ಕೆ, ಹಿತ್ತಲಿಗೆ, ನಡುಮಧ್ಯಾಹ್ನವೂ
ಸೀಮೆಎಣ್ಣೆ ಬುಡ್ಡಿಯನ್ನು ಹಗ್ಗಕ್ಕೆ ಕಟ್ಟಿ
ಪಾದದ ಮುಂದೆ ಇಳಿಬಿಟ್ಟು,
ಕುಡಿ ನಿಂತರೆ ಒಂದು ಹೆಜ್ಜೆ, ನಂದಿದರೆ ಹಿಂದಕ್ಕೆ.
ಊರು ನಕ್ಕಿತು: ಸೂರ್ಯ ಕಳೆದುಹೋಗಿದ್ದಾನೆ ಇವಳಿಗೆ.

ನಡುರಾತ್ರಿ ಸಾಂಬಾಜಾ ಮೀನಿನವರು ಬರುತ್ತಾರೆ,
ಮೂರು ದೋಣಿ ಜೋಡಿಸಿ ಕಟ್ಟಿ,
ಹುಟ್ಟಿನ ಲೆಕ್ಕಕ್ಕೆ ಹಾಡು ಹಾಕಿಕೊಂಡು.
"ನಮ್ಮ ನೀರು ಕುಡಿದು ಮುಗಿಸಿದಿರಾ?" ಕೂಗುತ್ತಾನೆ ಬರಾಕಾಗ್ವಿರಾ.
ಮೀನುಗಳೀಗ ಅವನ ಲಾಂದ್ರಕ್ಕೆ ಸೊಪ್ಪು ಹಾಕುವುದಿಲ್ಲವಂತೆ,
ನಮ್ಮ ಅಟ್ಟದ ದೊಡ್ಡ ಬೆಳಕಿಗೇ ಮುತ್ತುತ್ತವಂತೆ.
ನಾನೇನು ಮಾಡಲಿ,
ಬೆಳಕು ಆರಿಸುವ ಗುಂಡಿ ನನ್ನ ಪಾಳಿಯದ್ದಲ್ಲ.
ಕೈ ಬೀಸುತ್ತೇನೆ. ಅವನೂ ಬೀಸುತ್ತಾನೆ, ಬೈಯುತ್ತಲೇ.

ಕಿಬುಯೆಯಲ್ಲಿ ನಮ್ಮದೊಂದು ಕೋಣೆ, ತಗಡಿನ ಮಾಡು, ಒಂದು ಬಲ್ಬು.
ತಿಂಗಳ ಕೊನೆಗೆ ಮೀಟರು ಹಸಿದ ಮರಿಯಂತೆ ಕೀಂಗುಡುತ್ತೆ.
ಫೋನಿನಲ್ಲಿ ಐನೂರು ಫ್ರಾಂಕು ಕಳಿಸಿ
ಇಪ್ಪತ್ತು ಅಂಕಿ ಒತ್ತುತ್ತೇನೆ,
ರಾತ್ರಿಯಿಡೀ ನಾನೇ ಕಾದ ಗಾಳಿಯನ್ನು ನಾನೇ ಕೊಳ್ಳುತ್ತೇನೆ.

ಅಮ್ಮನಿಗೆ ಬಲ್ಬಿನ ಮೇಲೆ ನಂಬಿಕೆಯಿಲ್ಲ.
"ಅದಕ್ಕೇನು ಗೊತ್ತು? ಸೂರಿಗೆ ನೇತು ಬಿದ್ದಿದೆ,
ಗಾಜಿನೊಳಗೆ ಬಾಗಿಲು ಹಾಕಿಕೊಂಡಿದೆ.
ಕೋಣೆ ತುಂಬ ಮಜುಕು ತುಂಬಿದರೂ
ನಾವು ಸತ್ತಿದ್ದನ್ನು ಚೆನ್ನಾಗಿ ತೋರಿಸುತ್ತೆ, ಅಷ್ಟೇ."
ಅದಕ್ಕೇ ಚಾಪೆಯ ಪಕ್ಕ, ನೆಲದ ಮೇಲೆ,
ಈಗಲೂ ಆ ಬುಡ್ಡಿ.

ಬೆಳಗಿನ ಜಾವ ಬಾಗಿಲು ದೂಡುತ್ತೇನೆ.
ಮೇಲೆ ಸರೋವರ ಉರಿಯುತ್ತಿದೆ, ಅಲುಗದೆ.
ಬೂಟು ಬಿಚ್ಚಲು ಬಗ್ಗುತ್ತೇನೆ,
ಮುಖ ಕುಡಿಯ ಮಟ್ಟಕ್ಕೆ ಬರುತ್ತದೆ.
ನನ್ನುಸಿರಿಗೆ ಒಂದಿಷ್ಟು ವಾಲಿ
ಮತ್ತೆ ನೆಟ್ಟಗಾಗುತ್ತದೆ ಅದು.

"ಉರೀತಿದೆಯಾ?" ಅಮ್ಮ, ನಿದ್ದೆಯೊಳಗಿಂದ.
ಯಾವುದು ಅಂತ ನಾನು ಕೇಳುವುದಿಲ್ಲ.
ಉರೀತಿದೆ, ಅನ್ನುತ್ತೇನೆ. ಮಲಗು.